ಬಣ್ಣದ ಶೆಡ್ಡಿನ ಚಿತ್ತಪ್ಪ

ಚಿತ್ತಪ್ಪ ಹುಟ್ಟಿದಾಗಿನಿಂದ ಒಂದು ಹನಿ ಹೆಂಡ ಮುಟ್ಟಿದವನಲ್ಲ. ಆದರೂ ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಬೇಸಿಗೆ ಹೊತ್ತಿಗೆ ಹಿರಿಯೂರಿನ ಅವನ ಬೀದಿಯವರೆಲ್ಲ ಅವನನ್ನು ಕುಡುಕ ಅನ್ನತೊಡಗಿದ್ದರು.

ಅವನು ಶ್ರೀರಾಂಪುರದ ಕಡೆಯ ಕುರಿ ಕಾಯುವವರ ಮನೆಯ ಕೊನೇ ಮಗ. ಮಂದೆ ಅಣ್ಣಂದಿರ ಪಾಲಾದ ಮೇಲೆ ಹೆಂಡತಿ ಹುಚ್ಚಕ್ಕನನ್ನು ಕರೆದುಕೊಂಡು ಹಿರಿಯೂರಿಗೆ ಬಂದ. ಪುಣೆ ರಸ್ತೆಯ ಪಕ್ಕದ ಗಂಗಾಧರಪ್ಪನವರ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಕೆಲಸ ಕಲಿತ. ಅವನು ಹೊಡೆದ ಬಣ್ಣದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಅನ್ನುತ್ತಿದ್ದರು ಡ್ರೈವರುಗಳು. ಅವನ ಕೈಯಲ್ಲೇ ಹೊಡೆಸಬೇಕೆಂದು ಎರಡೆರಡು ದಿನ ಕಾಯುತ್ತಿದ್ದರು.

ಹಸಿ ಬಣ್ಣಕ್ಕೆ ರಸ್ತೆಯ ಧೂಳು ಅಂಟಬಾರದಲ್ಲ. ಅದಕ್ಕೆ ಶೆಡ್ಡಿನ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿಚೀಲ ಬಡಿದು ಕೆಲಸ ಮಾಡಬೇಕಿತ್ತು. ಬಣ್ಣ ತೆಳುವಾಗಲೆಂದು ತಿನ್ನರ್ ಬೆರೆಸಿ ಸ್ಪ್ರೇ ಗನ್ನಿನಿಂದ ಹೊಡೆಯುತ್ತಿದ್ದರೆ ಒಳಗೆಲ್ಲ ಮಂಜು ಕವಿದಂತೆ ಆಗುತ್ತಿತ್ತು. ಮೂಗಿಗೆ ಒಂದು ಟವೆಲ್ಲು, ಅಷ್ಟೆ. ಸಂಜೆ ಕೈಗೆ ಹತ್ತಿದ ಬಣ್ಣ ಬಿಡಿಸಲಿಕ್ಕೂ ಅದೇ ತಿನ್ನರ್. ಲಾರಿಯ ಜಿಡ್ಡು ತೊಳೆಯಲು ಪೀಪಾಯಿಯಿಂದ ಡಬ್ಬಕ್ಕೆ ಪೆಟ್ರೋಲು ಇಳಿಸಬೇಕಾದರೆ ಪೈಪಿಗೆ ಬಾಯಿಟ್ಟು ಎಳೆಯುವವನೂ ಅವನೇ.

ಮೊದಮೊದಲು ಬರೀ ತಲೆನೋವು. ಆಮೇಲಾಮೇಲೆ ಸಂಜೆ ಶೆಡ್ಡಿನಿಂದ ಹೊರಗೆ ಬಂದರೆ ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ನಾಲಿಗೆ ತೊದಲುತ್ತಿತ್ತು. ಊಟ ಸೇರದು, ಮಕ್ಕಳ ಮೇಲೆ ಸಿಡುಕು. ಒಂದು ಸಂಜೆ ಹುಚ್ಚಕ್ಕನ ಅಣ್ಣ ಜುಂಜಯ್ಯ ತಂಗಿಯನ್ನು ನೋಡಲು ಬಂದಿದ್ದ. ಚಿತ್ತಪ್ಪ ಗೋಡೆ ಹಿಡಿದುಕೊಂಡು ಮನೆಗೆ ಬರುವುದನ್ನು ಕಣ್ಣಾರೆ ಕಂಡ.

"ಏನಪ್ಪ ಇದು? ನಡುಬೀದೀಲಿ ಹಿಂಗೆ ತೂರಾಡ್ತೀಯಲ್ಲ!"

"ಕುಡ್ದಿಲ್ಲ ಭಾವ, ದೇವ್ರಾಣೆ. ಬಣ್ಣದ ವಾಸ್ನೆ ತಲೆಗೆ ಹತ್ತೈತೆ."

"ವಾಸ್ನೆಗೆ ಯಾರಾದ್ರೂ ತೂರಾಡ್ತಾರೇನೋ?"

ಚಿತ್ತಪ್ಪ ಹೆಂಡತಿಯ ಮುಖ ನೋಡಿದ. ಹುಚ್ಚಕ್ಕ ಒಳಗೆ ಹೋಗಿ ಮಕ್ಕಳ ಬಟ್ಟೆ ಗಂಟು ಕಟ್ಟಿದಳು. ಮಾರನೇ ಬೆಳಿಗ್ಗೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಅಣ್ಣನ ಜೊತೆ ಹೊಸದುರ್ಗದ ಬಸ್ಸು ಹತ್ತಿಬಿಟ್ಟಳು.

ನಾಲ್ಕು ತಿಂಗಳಾದ ಮೇಲೆ ಶೆಡ್ಡಿನಲ್ಲಿ ಜೊತೆಗೆ ಕೆಲಸ ಮಾಡುವ ನಿಂಗಪ್ಪ ಅವಳ ತವರಿಗೆ ಬಂದ. "ಅಕ್ಕಾ, ಅವ್ನ ವಸಡಲ್ಲಿ ರಕ್ತ ನಿಲ್ತಿಲ್ಲ. ಮೈಯೆಲ್ಲ ನೀಲಿ ಕಲೆ ಎದ್ದೈತೆ. ಆದ್ರೂ ಕೆಲ್ಸಕ್ಕೆ ಬರ್ತಾನೆ."

ಹುಚ್ಚಕ್ಕ ಬಸ್ಸಿಳಿದವಳು ಮನೆಗೆ ಹೋಗದೆ ನೆಟ್ಟಗೆ ಶೆಡ್ಡಿಗೇ ಹೋದಳು. ಬಾಗಿಲು ತಳ್ಳಿ ಒಳಗೆ ನಿಂತಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ, ಕಣ್ಣು ಉರಿದು ತಲೆ ಗಿರ್ರೆಂದಿತು. ಲಾರಿಯ ಚಕ್ರ ಹಿಡಿದು ಕುಸಿದಳು. ಚಿತ್ತಪ್ಪ ಅವಳನ್ನು ಹೊರಗೆ ಎಳೆದು ತಂದ. ಅವಳು ಬೇಲಿಯ ಹತ್ತಿರ ಕಾರಿಕೊಂಡಳು. ಬಾಯಿ ಒರೆಸಿಕೊಂಡು ಅವನ ಕೈ ಹಿಡಿದಳು.

"ನಿನ್ ಮಾತು ನಂಬ್ಲಿಲ್ಲ ನಾನು."

"ಈಗ ನಂಬಿದ್ಯಲ್ಲ. ನಡಿ, ಮನೆಗೆ ಹೋಗಾಣ."

ಚಿತ್ರದುರ್ಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಏನು ಕೆಲಸ, ಎಷ್ಟು ವರ್ಷದಿಂದ ಎಂದು ಕೇಳಿದರು. ಮೈಯಲ್ಲಿ ಹೊಸ ರಕ್ತ ಹುಟ್ಟುವುದೇ ನಿಂತುಹೋಗಿದೆ, ಆ ಬಣ್ಣ ತಿನ್ನರಿನ ವಿಷವೇ ಇರಬೇಕು ಅಂದರು. ರಕ್ತ ಕೊಡಲು ಮೊದಲು ತೋಳು ಚಾಚಿದವನು ಜುಂಜಯ್ಯ. ಚಿತ್ತಪ್ಪನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ಬಿಕ್ಕುತ್ತಿದ್ದ.

"ಅಳಬ್ಯಾಡ ಭಾವ," ಅಂದ ಚಿತ್ತಪ್ಪ. "ನಾನಾಗಿದ್ರೂ ಹಂಗೇ ಅಂತಿದ್ದೆ."

ಗಂಗಾಧರಪ್ಪನವರೂ ಎಳನೀರು ಹಿಡಿದುಕೊಂಡು ಬಂದರು. "ಏನ್ ಬೇಕು ಕೇಳಪ್ಪ, ಮಾಡ್ಸಾಣ" ಅಂದರು.

"ನಂಗೇನೂ ಬ್ಯಾಡ್ರಿ. ನಿಂಗಪ್ಪಂಗೆ ಬಾಗ್ಲು ತೆಗ್ದಿಟ್ಕಂಡು ಬಣ್ಣ ಹೊಡೆಯಾಕೆ ಬಿಡ್ರಿ."

"ಧೂಳು ಕೂರ್ತೈತಲ್ಲಪ್ಪ..."

"ಲಾರಿ ಮೇಲೆ ಕೂರ್ಲಿ ಬಿಡ್ರಿ."

ಗಂಗಾಧರಪ್ಪನವರು ತಲೆ ತಗ್ಗಿಸಿ ಎದ್ದು ಹೋದರು. ಆ ವಾರವೇ ಗೋಣಿಚೀಲ ಕಿತ್ತು, ಹಿಂದಿನ ಗೋಡೆ ಒಡೆಸಿದರಂತೆ. ಆದರೆ ದೀಪಾವಳಿಗೆ ನಾಲ್ಕು ದಿನ ಇರುವಾಗ ಚಿತ್ತಪ್ಪ ಆಸ್ಪತ್ರೆಯಲ್ಲೇ ತೀರಿಕೊಂಡ. ಮೂವತ್ತಾರು ವಯಸ್ಸು.

ಹುಚ್ಚಕ್ಕ ತವರಿಗೆ ಹೋಗಲಿಲ್ಲ. ಹಿರಿಯೂರಿನಲ್ಲೇ ಕೂಲಿ ಮಾಡಿ ಮಕ್ಕಳನ್ನು ಸಾಕಿದಳು. ಗಂಡನ ಮಾತು ಯಾರ ಹತ್ತಿರವೂ ಆಡುತ್ತಿರಲಿಲ್ಲ. ಒಂದು ಸಲ ಮಾತ್ರ ಪಕ್ಕದ ಮನೆಯ ಕೊಟ್ರಮ್ಮನ ಮುಂದೆ ಬಾಯಿಬಿಟ್ಟಳು: "ನಾಕು ತಿಂಗ್ಳು ಒಬ್ನೇ ಬೇಯಿಸ್ಕಂಡು ಉಂಡ ಕಣಕ್ಕ. ವಸಡಲ್ಲಿ ರಕ್ತ ಸೋರ್ತಿರುವಾಗ ರೊಟ್ಟಿ ಹೆಂಗೆ ಅಗಿದ್ನೋ. ಅದನ್ನೂ ನಾನು ಕೇಳ್ಲಿಲ್ಲ."