ಅವ್ವನ ಪರವಾಗಿ ‘ನಾನು’ ಎಂದವಳು

ಕಪ್ತಿರೊಂಗಿನ ಅರಪ್ ಲೆಲ್ ಎಂಬ ನಾಂದಿ ಕುಲದ ರೈತ ಗಿಕುಯು ಕುಲದ ಹುಡುಗಿ ಗಥೋನಿಯನ್ನು ಮದುವೆಯಾಗಿ ಕರೆತಂದಾಗ ಊರು ಕೆಲವು ಕಾಲ ಮುಖ ಸಿಂಡರಿಸಿ ಆಮೇಲೆ ಸುಮ್ಮನಾಯಿತು. ಗಥೋನಿ ಗಂಡನ ಭಾಷೆಯನ್ನು ಅತ್ತೆಯ ಬೈಗುಳದಿಂದಲೇ ಕಲಿತಳು. ಸೋರೆಬುರುಡೆಯ ಒಳಮೈಗೆ ಇದ್ದಿಲ ಪುಡಿ ಬಳಿದು ಹಾಲು ಹುಳಿಹಾಕಿ ಮುರ್ಸಿಕ್ ಮಾಡುವುದನ್ನೂ ಕಲಿತಳು. ಕೊನೆಕೊನೆಗೆ ಆ ಸುತ್ತಿನ ಮದುವೆಗಳಿಗೆಲ್ಲ ಅವಳ ಮನೆಯ ಮುರ್ಸಿಕ್ಕೇ ಬೇಕು ಎನ್ನುವಂತಾಯಿತು. ಗಂಡ ತೀರಿಕೊಂಡ ಮೇಲೂ ಆಕೆ ತವರಿಗೆ ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲೂ ಇಲ್ಲ.

ಒಬ್ಬಳೇ ಮಗಳು ಜೆಮೆಲಿ. ಅಂಗಳದಲ್ಲಿ ಅಪ್ಪನ ಮಾತು, ಒಲೆಯ ಮುಂದೆ ಅವ್ವನ ಮಾತು, ಹಾಗೆ ಬೆಳೆದವಳು. ಓದಿ ಎಲ್ಡೊರೆಟ್ ಪಟ್ಟಣದಲ್ಲಿ ಶಾಲೆಯ ಟೀಚರಾದಳು, ಮದುವೆಯಾಗಲಿಲ್ಲ. ಭಾನುವಾರಗಳಲ್ಲಿ ಚರ್ಚಿಗೆ ಹೊರಗಿನಿಂದ ಬರುವ ಬೋಧಕರ ಪಕ್ಕ ನಿಂತು ಅವರ ಇಂಗ್ಲಿಷನ್ನು ಜನರ ಮಾತಿಗೆ ತಿರುಗಿಸುತ್ತಿದ್ದಳು. ಬೋಧಕರು ಕೂಗಿದರೆ ಇವಳೂ ಕೂಗುವಳು, ಅವರು ಗದ್ಗದರಾದರೆ ಇವಳೂ ಅಳುವಳು. ‘ಆ ಪಾದ್ರಿಗಿಂತ ನಮ್ಮ ಟೀಚರ್ ಅಳೋದೇ ಚೆನ್ನ’ ಎಂದು ಹೆಂಗಸರು ನಗುತ್ತಿದ್ದರು.

ಆ ವರ್ಷ ಕ್ರಿಸ್ಮಸ್ ಮುಗಿದ ಬೆನ್ನಿಗೇ ದೇಶದ ಚುನಾವಣೆ. ಎಣಿಕೆ ಎಳೆಯುತ್ತ ಹೋಯಿತು. ಗೆದ್ದೆ ಎಂದು ಗಿಕುಯುಗಳ ಅಭ್ಯರ್ಥಿಯೂ ಹೇಳಿದರು, ನಾಂದಿಗಳು ಬೆಂಬಲಿಸಿದವರೂ ಹೇಳಿದರು. ಸಂಜೆಗೆಂಪಿನಲ್ಲಿ ಗಿಕುಯು ಅಭ್ಯರ್ಥಿ ಅವಸರವಸರವಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ಟೀವಿಯಲ್ಲಿ ನೋಡುತ್ತಿರುವಾಗಲೇ ಪಟ್ಟಣದ ಅಂಚಿನಲ್ಲಿ ಹೊಗೆ ಎದ್ದಿತು. ಜೆಮೆಲಿ ಶಾಲೆಯ ವಸತಿಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು. ಬೀದಿಯಲ್ಲಿ ಗುರುತಿನ ಚೀಟಿ ಕೇಳುವವರು ಕೆಲವರನ್ನು ಹೆಸರು ನೋಡಿ ಬಿಡುತ್ತಿದ್ದರು, ಕೆಲವರನ್ನು ಮುಖ ನೋಡಿ ಹಿಡಿಯುತ್ತಿದ್ದರು. ಅವಳಿಗೆ ಅಪ್ಪನ ಕುಲದ ಹೆಸರು, ಅವ್ವನ ಮುಖ.

ದಾರಿ ತೆರೆದಾಗ ಅವ್ವ ಸಿಕ್ಕಿದ್ದು ಕೃಷಿಮೇಳದ ಮೈದಾನದಲ್ಲಿ. ಊರು ಬಿಟ್ಟು ಓಡಿಬಂದ ಗಿಕುಯುಗಳ ಸಾಲು ಟೆಂಟುಗಳ ನಡುವೆ, ಯಾರದೋ ಕಂಬಳಿ ಹೊದ್ದು ಕೂತಿದ್ದಳು.

“ಮಾವ ಎಲ್ಲವ್ವ?” ಎಂದಳು ಜೆಮೆಲಿ. ಅವ್ವನ ಅಣ್ಣ ಗಿಚುಹಿ, ಕಾಲು ಸ್ವಾಧೀನವಿಲ್ಲದ ಮುದುಕ, ಹಬ್ಬಕ್ಕೆಂದು ತಂಗಿಯ ಮನೆಗೆ ಬಂದಿದ್ದ.

“ದಾರೀಲೇ ತೀರ್ಕೊಂಡ” ಎಂದಳು ಅವ್ವ.

ಹೊರಗೆ ನಾಲ್ಕು ಜನರ ನಡುವೆ ಅವರಿಬ್ಬರೂ ಮಾತಾಡುತ್ತಿದ್ದುದು ಯಾವಾಗಲೂ ನಾಂದಿಯಲ್ಲಿ. ಜೆಮೆಲಿ ಅದರಲ್ಲೇ ಕೇಳಿದ್ದಳು. ಅವ್ವ ಉತ್ತರ ಕೊಟ್ಟದ್ದು ಗಿಕುಯುವಿನಲ್ಲಿ. ಅವತ್ತಿನಿಂದ ಆಕೆಯ ಬಾಯಿಂದ ಗಂಡನ ಭಾಷೆಯ ಒಂದು ಪದವೂ ಬರಲಿಲ್ಲ. ಯಾರಾದರೂ ಅದರಲ್ಲಿ ಮಾತಾಡಿದರೆ ಅರ್ಥವಾಗದವಳಂತೆ ಎತ್ತಲೋ ನೋಡುತ್ತಿದ್ದಳು.

ಊರಿನಿಂದ ಕಿಬಿವೊಟ್ ಆಗಾಗ ಶಾಲೆಗೆ ಬರುತ್ತಿದ್ದ. ಜೆಮೆಲಿಯ ಚಿಕ್ಕಪ್ಪನ ಮಗ. ಬೈಕಿನ ಹಿಂದೆ ಮೆಕ್ಕೆಜೋಳದ ಹಿಟ್ಟಿನ ಚೀಲ ಕಟ್ಟಿಕೊಂಡು ಬಂದು ಗೇಟಿನಲ್ಲಿ ನಿಲ್ಲುತ್ತಿದ್ದ.

“ಅಕ್ಕ, ದೊಡ್ಡವ್ವ ಹೇಗಿದಾರೆ?”

“ಹಾಗೇ ಇದಾಳಪ್ಪ. ಬಂದು ನೋಡ್ಬಾರ್ದಾ?”

“ಆ ಟೆಂಟಿನ ಜನ ನನ್ನಂಥವರನ್ನ ಒಳಗೆ ಬಿಟ್ಟಾರಾ? ನೀನೇ ಕೊಟ್ಬಿಡು.”

ಜೆಮೆಲಿ ಒಯ್ದು ಕೊಟ್ಟರೆ ಅವ್ವ ಚೀಲವನ್ನು ಮುಟ್ಟದೆ ಪಕ್ಕದ ಟೆಂಟಿನವರಿಗೆ ತೋರಿಸುತ್ತಿದ್ದಳು, ತಗೊಂಡು ಹೋಗಿ ಎಂದು. ದುಃಖದಲ್ಲಿ ಊಟ ಸೇರುತ್ತಿಲ್ಲ ಎಂದುಕೊಂಡಳು ಮಗಳು.

ಅಷ್ಟರಲ್ಲಿ ಹೊರದೇಶದ ಹಿರಿಯರು ಬಂದು ಕೂತು ಎರಡೂ ಕಡೆಯವರನ್ನು ಒಂದು ಮೇಜಿಗೆ ತಂದರು. ಒಬ್ಬರು ಅಧ್ಯಕ್ಷರಾಗಿಯೇ ಉಳಿಯುವುದು, ಇನ್ನೊಬ್ಬರಿಗೆ ಪ್ರಧಾನಿ ಪಟ್ಟ, ಮಂತ್ರಿಗಿರಿಗಳು ಸಮಪಾಲು. ಮತ ಎಣಿಕೆಯ ಬಗ್ಗೆ ಒಂದು ಸ್ವತಂತ್ರ ತನಿಖೆ, ಕೊಲೆ ಸುಲಿಗೆಗಳ ಬಗ್ಗೆ ಇನ್ನೊಂದು. ಒಪ್ಪಂದಕ್ಕೆ ಸಹಿ ಬಿದ್ದಾಗ ಮೈದಾನದಲ್ಲಿ ರೇಡಿಯೊ ಸುತ್ತ ಜನ ಮುತ್ತಿಕೊಂಡಿದ್ದರು. ಕೆಲವರು ಕುಣಿದರು. ತರಕಾರಿ ಮಾರುತ್ತಿದ್ದ ನ್ಯೊಕಾಬಿ ಎಂಬಾಕೆ ಸೊಂಟಕ್ಕೆ ಕೈಯಿಟ್ಟು, “ಒಂದು ಕುರ್ಚಿಗೆ ಹೊಡೆದಾಡಿದ್ರು, ಈಗ ಎರಡು ಕುರ್ಚಿ ಮಾಡ್ಕೊಂಡ್ರು. ಮೊದಲೇ ಬಡಗೀನ ಕರೆಸಿದ್ರೆ ಆಗ್ತಿತ್ತಲ್ಲ!” ಎಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ಗಥೋನಿ ನಗಲಿಲ್ಲ. ಎದ್ದು ಟೆಂಟಿನೊಳಕ್ಕೆ ಹೋದಳು.

ಮಳೆಗಾಲ ಕಳೆಯುವ ಹೊತ್ತಿಗೆ ಎರಡನೆಯ ತನಿಖೆಯವರು ಎಲ್ಡೊರೆಟ್ಟಿಗೆ ಬಂದರು. ನಾಂದಿ, ಗಿಕುಯು ಎರಡನ್ನೂ ಬಲ್ಲ, ಇಂಗ್ಲಿಷಿಗೆ ತಿರುಗಿಸಬಲ್ಲ ದುಭಾಷಿ ಬೇಕಾಗಿತ್ತು. ಚರ್ಚಿನವರು ಜೆಮೆಲಿಯ ಹೆಸರು ಹೇಳಿದರು. ಕೆಲಸಕ್ಕೆ ಸೇರಿಸಿಕೊಂಡ ವಕೀಲೆ ಒಂದೇ ನಿಯಮ ಹೇಳಿದ್ದು: “ಸಾಕ್ಷಿ ‘ನಾನು’ ಅಂದ್ರೆ ನೀವೂ ‘ನಾನು’ ಅನ್ಬೇಕು. ‘ಅವಳು ಹೀಗಂತಾಳೆ’ ಅನ್ನೋ ಹಾಗಿಲ್ಲ. ನೀವು ಅಲ್ಲಿ ಇರೋದೇ ಇಲ್ಲ ಅಂತ ತಿಳ್ಕೊಳ್ಳಿ.”

ಅವಳು ಹಾಗೆಯೇ ಮಾಡಿದಳು. ಮಗನನ್ನು ಪೊಲೀಸರ ಗುಂಡಿಗೆ ಕಳಕೊಂಡ ನಾಂದಿ ತಂದೆಯ ಬದಲಿಗೆ, “ನಾನು ಅವನ ಅಂಗಿ ತೆಗೆದು ನೋಡಿದೆ, ಗುಂಡು ಬೆನ್ನಿನಿಂದ ಹೊಕ್ಕಿತ್ತು” ಎಂದಳು. ಮೂವರು ಮಕ್ಕಳನ್ನು ಜೋಳದ ಹೊಲದಲ್ಲಿ ಬಚ್ಚಿಟ್ಟು ಮರಳಿ ಬಂದಾಗ ಹೊಲವೇ ಸುಟ್ಟು ಬೂದಿಯಾದದ್ದನ್ನು ಕಂಡ ಹೆಂಗಸಿನ ಬದಲಿಗೆ, “ನಾನು ಅವರ ಹೆಸರು ಹಿಡಿದು ಕೂಗಿದೆ” ಎಂದಳು. ಒಂದು ಸಾಕ್ಷಿ ಏಳುತ್ತಿದ್ದಂತೆ ಇನ್ನೊಂದು ಬಂದು ಕೂರುತ್ತಿತ್ತು. ಅವರೆಲ್ಲ ಹೇಳಿ ಹಗುರಾಗಿ ಹೋದರೋ ಇಲ್ಲವೋ ಗೊತ್ತಿಲ್ಲ, ಮಾತು ಮಾತ್ರ ಇವಳಲ್ಲಿ ಉಳಿಯಿತು. ಒಂದು ಮಧ್ಯಾಹ್ನ ಟೊಮೆಟೊ ಕೊಳ್ಳುವಾಗ ಮಾರುವವಳು ಲೋಕಾಭಿರಾಮವಾಗಿ, “ಮಕ್ಕಳೆಷ್ಟಮ್ಮ ನಿಮಗೆ?” ಎಂದು ಕೇಳಿದಳು.

“ಮೂವರಿದ್ದರು” ಎಂದಳು ಜೆಮೆಲಿ.

ಹೇಳಿದ ಮೇಲೆ ಕೈಯಲ್ಲಿದ್ದ ಟೊಮೆಟೊ ಅಲ್ಲೇ ಇಟ್ಟು, ಬಿಸಿಲಿನಲ್ಲಿ ಬೆವರುತ್ತ, ಆ ಮೂವರ ಮುಖ ತನಗೆ ಹೇಗೆ ನೆನಪಿದೆ ಎಂದು ಯೋಚಿಸುತ್ತ ನಿಂತುಬಿಟ್ಟಳು.

ಹೆಸರು ಹೇಳಲು ಹೆದರುವ ಸಾಕ್ಷಿಗಳನ್ನು ಮುಚ್ಚಿದ ಬಾಗಿಲ ಹಿಂದೆ ವಿಚಾರಿಸುತ್ತಿದ್ದರು. ಅಂಥದೊಂದು ಬೆಳಿಗ್ಗೆ ಒಳಗೆ ಬಂದ ಸಾಕ್ಷಿ ಅವ್ವ.

ಜೆಮೆಲಿ ಕುರ್ಚಿಯಿಂದ ಎದ್ದಳು. “ಸ್ವಾಮಿ, ಈ ಸಾಕ್ಷಿ...” ಎಂದು ತನಿಖೆ ನಡೆಸುತ್ತಿದ್ದ ನ್ಯಾಯಾಧೀಶರ ಕಡೆ ತಿರುಗುತ್ತಿರುವಾಗಲೇ ಅವ್ವ ಗಿಕುಯುವಿನಲ್ಲಿ, ಗಟ್ಟಿಯಾಗಿ, “ಈಯಮ್ಮ ಯಾರೋ ನಂಗೊತ್ತಿಲ್ಲ. ಕೂತ್ಕೊಳ್ಳೋಕೆ ಹೇಳಿ” ಎಂದಳು. ಆಮೇಲೆ ಮಗಳನ್ನು ನೋಡಿದಳು. ಚಿಕ್ಕಂದಿನಲ್ಲಿ ಗಾಯ ತೊಳೆಯುವಾಗ ಅಲುಗಾಡಬೇಡ ಎಂದು ನೋಡುತ್ತಿದ್ದ ನೋಟ ಅದು.

“ಏನು ಹೇಳಿದರು?” ಎಂದರು ನ್ಯಾಯಾಧೀಶರು.

ಜೆಮೆಲಿ ಇಂಗ್ಲಿಷಿನಲ್ಲಿ, “ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ” ಎಂದಳು. ಕೂತಳು.

ಅವ್ವ ಹೇಳತೊಡಗಿದಳು. ತುಂಡು ತುಂಡಾಗಿ ಹೇಳಿ ನಿಲ್ಲಿಸುತ್ತಿದ್ದಳು, ಮಗಳಿಗೆ ತಿರುಗಿಸಲು ಬಿಡುವು ಕೊಡುವಂತೆ.

“ನಾನು ಹಾಲು ಕರೆದು ಬರ್ತಿದ್ದೆ. ಹುಡುಗರ ಗುಂಪು ಬಂತು. ಮುಂದೆ ಇದ್ದೋನು ನನ್ನ ಮೈದುನನ ಮಗ. ಅವನು ಹುಟ್ಟಿದ ದಿನ ಹೊಳೆ ತುಂಬಿತ್ತು, ಸೂಲಗಿತ್ತಿ ಬರೋಕಾಗ್ಲಿಲ್ಲ. ನಾನೇ ಹೊಕ್ಕಳುಬಳ್ಳಿ ಕೊಯ್ದೆ. ಮಳೇಲಿ ಹುಟ್ಟಿದೋನು ಅಂತ ಕಿಬಿವೊಟ್ ಅಂದ್ರು.”

ಜೆಮೆಲಿಯ ದನಿ ನಿಂತಿತು.

“ದುಭಾಷಿಗೆ ನೀರು ಬೇಕೇ?” ಎಂದು ಯಾರೋ ಕೇಳಿದರು.

ಬೇಡ ಎಂದು ತಲೆಯಾಡಿಸಿ ಅವಳು ಹೇಳಿದಳು. ಹೆಸರನ್ನೂ ಹೇಳಿದಳು.

“ಅವನ ಕೈಲಿ ಪೆಟ್ರೋಲ್ ಕ್ಯಾನಿತ್ತು. ನಾನು ಅವರ ಮಾತಲ್ಲೇ ಅಂದೆ, ಮಗನೇ, ಒಳಗೆ ನನ್ನಣ್ಣ ಇದಾನೆ, ಅವನ ಕಾಲು ಬರಲ್ಲ, ಒಂದು ಗಳಿಗೆ ತಡಿ, ಹೊತ್ತುಕೊಂಡು ಬರ್ತೀನಿ ಅಂತ. ಅವನಂದ, ‘ನಮ್ಮ ಭಾಷೆ ನಿನ್ನ ಬಾಯಲ್ಲಿ ಬರಬಾರದು.’ ಇಬ್ಬರು ನನ್ನ ತೋಳು ಹಿಡ್ಕೊಂಡ್ರು. ಅಣ್ಣ ಒಳಗಿಂದ ನನ್ನ ಹೆಸರು ಕೂಗ್ತಿದ್ದ. ತುಂಬಾ ಹೊತ್ತು ಕೂಗ್ದ.”

ಜೆಮೆಲಿ ಇಷ್ಟನ್ನೂ ‘ನಾನು’ ಎಂದೇ ಹೇಳಿದಳು. ನಾನು ಬಳ್ಳಿ ಕೊಯ್ದೆ, ನಾನು ಬೇಡಿಕೊಂಡೆ, ನನ್ನ ತೋಳು ಹಿಡಿದರು. ಎಷ್ಟೋ ವರ್ಷಗಳ ಮೇಲೂ ಅವಳ ತೋಳಿನ ಮೇಲ್ಭಾಗದಲ್ಲಿ ಯಾರೋ ಬಿಗಿಹಿಡಿದಂತಾಗುವುದುಂಟು.

ಹೊರಗೆ ಜಕರಾಂಡಾ ಮರದ ಕೆಳಗೆ ಅವ್ವನನ್ನು ಹಿಡಿದು ನಿಲ್ಲಿಸಿ ಕೇಳಿದಳು, “ನಂಗ್ಯಾಕೆ ಮೊದಲೇ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಮಗಳಾಗಿ ಕೇಳ್ತಿದ್ದೆ. ಅಳ್ತಿದ್ದೆ, ಅವನ ಮೇಲೆ ಏರಿ ಹೋಗ್ತಿದ್ದೆ. ಇದು ಪೂರ್ತಿಯಾಗಿ ಹೊರಗೆ ಬರಬೇಕಿತ್ತು. ಬೇರೆಯವರ ಬಾಯಿಗೆ ಕೊಡೋಕೆ ಮನಸ್ಸು ಬರಲಿಲ್ಲ.”

“ನನ್ನ ಬಾಯಿಗೆ ಕೊಟ್ಯಲ್ಲವ್ವ.”

“ಹೌದು ಕಣೆ” ಎಂದಳು ಅವ್ವ.

ಮುಂದಿನ ಸಲ ಹಿಟ್ಟಿನ ಚೀಲದೊಂದಿಗೆ ಗೇಟಿಗೆ ಬಂದ ಕಿಬಿವೊಟ್ ಅವಳ ಮುಖ ನೋಡಿ ಬೈಕಿನಿಂದ ಇಳಿಯಲೇ ಇಲ್ಲ.

“ದೊಡ್ಡವ್ವ ಹೇಳಿದ್ರಾ?”

“ನಾನು ಹೇಳ್ದೆ. ನನ್ನ ಬಾಯಿಂದಲೇ ಹೇಳ್ದೆ, ನಿನ್ನ ಹೆಸರ ಸಮೇತ.”

ಅವನು ಬೈಕಿನ ಹಿಡಿಕೆಯನ್ನು ಹಿಸುಕುತ್ತ ಕೂತ. “ನಿಮ್ಮ ಮನೇಲೇ ಒಬ್ಬಳು ಗಿಕುಯು ಇದಾಳೆ, ನೀನು ಯಾವ ಕಡೆಯೋನು ಅಂದ್ರು ಹುಡುಗರು, ಅಕ್ಕ. ಮೊದಲು ನೀನೇ ಶುರು ಮಾಡು, ಇಲ್ಲಾಂದ್ರೆ ನಿಮ್ಮಪ್ಪನ ಮನೆಯಿಂದ ನಾವು ಶುರು ಮಾಡ್ತೀವಿ ಅಂದ್ರು.”

“ಕೂಗು ಕೇಳ್ಲಿಲ್ವಾ ನಿಂಗೆ?”

“ಕೇಳ್ತು” ಎಂದ. “ಈಗ್ಲೂ ಕೇಳ್ತದೆ. ಹಾಲು ಕರೀವಾಗ ಹೆಚ್ಚು.”

“ಹಿಟ್ಟು ತಗೊಂಡು ಹೋಗು.”

ಹೋದ.

ವರದಿಗಳು ಬಂದವು. ಮೊದಲ ತನಿಖೆ ಹೇಳಿದ್ದೇನೆಂದರೆ, ಎಣಿಕೆ ಎಷ್ಟು ಕೆಟ್ಟಿತ್ತೆಂದರೆ ನಿಜವಾಗಿ ಗೆದ್ದವರು ಯಾರೆಂದು ಇನ್ನು ಯಾರಿಂದಲೂ ಹೇಳಲಾಗದು. ಜೆಮೆಲಿ ಇದನ್ನು ಪತ್ರಿಕೆಯಿಂದ ಓದಿ ಹೇಳಿದಾಗ ಅವ್ವ ಬೀನ್ಸ್ ಆರಿಸುವುದನ್ನು ನಿಲ್ಲಿಸಿದಳು.

“ಯಾರಿಗೂ ಗೊತ್ತಿಲ್ವಂತಾ?”

“ಇಲ್ವಂತೆ.”

“ಹಾಗಾದ್ರೆ ನನ್ನಣ್ಣನ್ನ ಸುಟ್ಟಿದ್ದು ಯಾರು ಸೋತ್ರು ಅಂತ?”

ಎರಡನೆಯ ವರದಿ ಕೊಲೆಗಾರರ ವಿಚಾರಣೆಗೆ ವಿಶೇಷ ನ್ಯಾಯಾಲಯ ಬೇಕು ಎಂದಿತು. ಸಂಸತ್ತಿನಲ್ಲಿ ಆ ಮಾತು ಅತ್ತಿತ್ತ ತೂಗಾಡಿ ಬಿದ್ದುಹೋಯಿತು. ಕಪ್ತಿರೊಂಗಿಗೆ ಯಾವ ಪೊಲೀಸನೂ ಬರಲಿಲ್ಲ. ಬದಲಿಗೆ ಟೆಂಟಿನವರೆಲ್ಲ ತಂತಮ್ಮ ಊರಿಗೆ ಹಿಂದಿರುಗಬೇಕೆಂದು ಸರಕಾರದ ಲಾರಿಗಳು ಬಂದವು. ಹಲವರು ಒಲ್ಲೆವೆಂದು ಬೇರೆಡೆ ಹೋದರು. ಗಥೋನಿ ಲಾರಿ ಹತ್ತಿದಳು.

“ಅಲ್ಲಿಗೆ ಹೋಗ್ತೀಯಾ? ಹುಚ್ಚು ಹಿಡಿದಿದ್ಯಾ?” ಎಂದು ಮಗಳು ಕೂಗಾಡಿದಳು.

“ಅಣ್ಣ ಅಲ್ಲಿದಾನೆ. ಒಬ್ಬನೇ ಇದಾನೆ” ಎಂದಳು ಅವ್ವ.

ಸುಟ್ಟ ಮನೆಯ ಅಡಿಪಾಯದ ಪಕ್ಕದಲ್ಲೇ ತಗಡಿನ ಮನೆ ಎದ್ದಿತು. ಗಥೋನಿ ಅಲ್ಲಿ ಬಾಳಿದಷ್ಟೂ ಕಾಲ ಗಿಕುಯುವಿನಲ್ಲೇ ಮಾತಾಡಿದಳು. ನೆರೆಯ ನಾಂದಿ ಹೆಂಗಸರು ತಮ್ಮ ಭಾಷೆಯಲ್ಲಿ ಕೇಳುವರು, ಈಕೆ ತನ್ನ ಭಾಷೆಯಲ್ಲಿ ಹೇಳುವಳು. ಬರಬರುತ್ತ ಅವರಿಗೂ ಅದು ರೂಢಿಯಾಯಿತು. ಮುರ್ಸಿಕ್ ಮಾಡಿಕೊಡು ಎಂದು ಮಾತ್ರ ಯಾರೂ ಕೇಳಲಿಲ್ಲ. ಕಿಬಿವೊಟ್ ಆ ಕಡೆಯ ದಾರಿ ಬಿಟ್ಟು ಹೊಳೆಯ ಬದಿಯಿಂದ ಸುತ್ತಿ ಓಡಾಡುತ್ತಿದ್ದ. ಒಮ್ಮೆ ಆಕೆಯ ಹಸು ಹೊಂಡಕ್ಕೆ ಬಿದ್ದಾಗ ಅವನೇ ಇಳಿದು ಹಗ್ಗ ಕಟ್ಟಿ ಎತ್ತಿದ. ಆಕೆ ಹಸುವಿನ ಮೈ ಒರೆಸಿ ಹಟ್ಟಿಗೆ ಹೊಡೆದುಕೊಂಡು ಹೋದಳು. ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಕೆ ತೀರಿಕೊಂಡದ್ದು ಮುಂದಿನ ಚುನಾವಣೆಗೆ ಸ್ವಲ್ಪ ಮೊದಲು. ಅಣ್ಣನ ಪಕ್ಕದಲ್ಲೇ ಮಣ್ಣು ಮಾಡಿದರು. ಜೆಮೆಲಿ ಚರ್ಚಿನ ದುಭಾಷಿ ಕೆಲಸ ಅಷ್ಟರೊಳಗೇ ಬಿಟ್ಟಿದ್ದಳು. ಬೋಧಕರು ‘ನಾನು ಪಾಪಿ’ ಎಂದಾಗ ಅವಳ ನಾಲಗೆ ಏಳುತ್ತಿರಲಿಲ್ಲ.

ಚುನಾವಣೆ ಬಂತು. ಮತದಾನದ ದಿನ ಜೆಮೆಲಿ ಪಟ್ಟಣದಿಂದ ಮಟಾಟು ವ್ಯಾನು ಹಿಡಿದು ಕಪ್ತಿರೊಂಗಿಗೆ ಬಂದಳು, ಮತ ಹಾಕಿದಳು, ನೇರವಾಗಿ ಕಿಬಿವೊಟ್ಟನ ಮನೆಗೆ ಹೋದಳು. ಅವನ ಹೆಂಡತಿ, ಸೋತೆ ಎಂಬ ಹೆಸರಿನವಳು, ಬಾಗಿಲಲ್ಲೇ ಬೆಚ್ಚಿ ನಿಂತಳು.

“ಏನಕ್ಕ, ಏನಾಯ್ತು?”

“ಏನೂ ಇಲ್ಲ. ಫಲಿತಾಂಶ ಬರೋ ತನಕ ಇಲ್ಲೇ ಇರ್ತೀನಿ.”

ಕಿಬಿವೊಟ್ ಹಟ್ಟಿಯಿಂದ ಬಂದು ನೋಡಿದ. ಗೋಡೆಯ ಪಕ್ಕದ ಸ್ಟೂಲು ಎಳೆದು ಕೊಟ್ಟ. ಅವಳು ಅದನ್ನು ಬಾಗಿಲಿಗೆ ಅಡ್ಡಲಾಗಿ ಹಾಕಿಕೊಂಡು ಕುಳಿತಳು. ಹುಡುಗರ ಗುಂಪೊಂದು ಬೇಲಿಯಾಚೆ ನಿಂತು ಅವನನ್ನು ಕರೆಯಿತು. ಅವನು ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು. “ಹೋಗ್ರೋ, ನಮ್ಮಕ್ಕ ಬಂದಿದಾಳೆ” ಎಂದ ಅವನು ಒಳಗಿನಿಂದಲೇ. ಎಣಿಕೆ ಮುಗಿಯುವ ತನಕ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ರೇಡಿಯೊ ಕೇಳಿದರು.

ಆಮೇಲಿನ ಚುನಾವಣೆಗೂ ಅವಳು ಬಂದಳು, ಅದರ ಆಮೇಲಿನದಕ್ಕೂ. ಈಗ ಅವಳು ನಿವೃತ್ತಳು, ಮಂಡಿ ನೋವು. ಚುನಾವಣೆ ಹತ್ತಿರವಾದರೆ ಸೋತೆ ತಾನಾಗಿಯೇ ಹೊರಕೋಣೆಯಲ್ಲಿ ಹಾಸಿಗೆ ಹಾಸಿಡುತ್ತಾಳೆ. ಕಿಬಿವೊಟ್ಟನ ತಲೆಗೂದಲು ಹಣ್ಣಾಗಿದೆ. ಮತ ಹಾಕಿ ಬಂದವನು ಅಂಗಿ ಕಳಚಿ ಗೂಟಕ್ಕೆ ಹಾಕಿ, ಅವಳ ಎದುರಿಗೆ ಕೂರುತ್ತಾನೆ. ರೇಡಿಯೊದಲ್ಲಿ ಅಂಕಿಗಳು ಬರುತ್ತವೆ. ಸೋತೆ ಚಹಾ ತಂದಿಡುತ್ತಾಳೆ. ಜೆಮೆಲಿ ಅದನ್ನು ಕುಡಿಯುತ್ತಾಳೆ.