ತಲೆಕೆಳಗಿನ ಪದರ
ಜಪಾನಿನ ಕನಜಾವಾ ನಗರದ ಪ್ರಯೋಗಾಲಯವೊಂದರ ಹಿರೋಸೆ ಚಿಯೋ ಹಿಡಿದ ಹಟ ಬಿಡುವವಳಲ್ಲ. ಪುಟ್ಟ ಜಾಲರಿಯಲ್ಲಿ ಕರುಳಿನ ಒಳಪದರ ಬೆಳೆಸಿ, ಬಿಳಿ ರಕ್ತಕಣಗಳು ಅದನ್ನು ದಾಟುವುದನ್ನು ನೋಡುವುದು ಅವಳ ಕೆಲಸ. ಎಲ್ಲರೂ ಜಾಲರಿಯ ಮೇಲ್ಗಡೆ ಬೆಳೆಸಿದರೆ ಇವಳು ಕೆಳಗಡೆ, ತಲೆಕೆಳಗಾಗಿ ಬೆಳೆಸುತ್ತಾಳೆ. ಕಣಗಳನ್ನು ಬಿಡುವುದು ಮೇಲಿನಿಂದ; ಪದರ ತಲೆಕೆಳಗಾದರೆ ಅದರ ರಕ್ತದ ಕಡೆ ಮೇಲೆ ಬರುತ್ತದೆ. ಹತ್ತರಲ್ಲಿ ಆರು ಪದರ ಉದುರಿದರೂ ಮತ್ತೆ ಜೀವಕೋಶ ಬಿತ್ತುತ್ತಾಳೆ. "ಸುಲಭದ ದಾರಿ ಹಿಡಿಯಮ್ಮ," ಎನ್ನುತ್ತಾರೆ ಪ್ರೊಫೆಸರು. "ಸೆನ್ಸೈ, ಮೈಯಲ್ಲಿ ಬಿಳಿ ಕಣಗಳು ಬರೋದು ರಕ್ತದ ಕಡೆಯಿಂದ. ನಮ್ಮ ಅನುಕೂಲಕ್ಕೆ ಊಟ ಹೋಗೋ ಕಡೆಯಿಂದ ಬರ್ತವಾ?" ಎಂದು ತಿರುಗಿಬೀಳುತ್ತಾಳೆ. "ನಿಮಗ್ಯಾಕೆ ಇಷ್ಟು ಹಟ, ಚಿಯೋ-ಸಾನ್?" ಎಂದು ಹೊಸ ವಿದ್ಯಾರ್ಥಿನಿಯೊಬ್ಬಳು ಕೇಳಿಯೇಬಿಟ್ಟಳು. ಚಿಯೋ ಬಿಳಿ ಕೋಟು ಸರಿಸಿ, ಹೊಟ್ಟೆಗೆ ಅಂಟಿಸಿದ್ದ ಮಲದ ಚೀಲ ತೋರಿಸಿದಳು. "ಇಪ್ಪತ್ತೆರಡಕ್ಕೇ ದೊಡ್ಡ ಕರುಳು ತೆಗೆದ್ರು. ಹಾಳುಮಾಡಿದ್ದು ಇವೇ ಕಣಗಳು. ಯಾಕೆ ದಾಟಿದ್ರಿ ಅಂತ ಕೇಳದೆ ಬಿಡ್ತೀನಾ?"