ಬಂದವರಿಗೆ ಆಡುವ ಕನ್ನಡ

ನಮ್ಮ ಮೇಲಿನ ಮನೆಗೆ ಹೊಸದಾಗಿ ಬಂದ ಮರಾಠಿ ಅಜ್ಜಿ ದಿನಾ ಬೆಳಿಗ್ಗೆ ಭಾಕರಿ, ಅಂದರೆ ನಮ್ಮ ಜೋಳದ ರೊಟ್ಟಿ, ಬಡಿಯುತ್ತಾರೆ. ಆ ಪಟಪಟ ಸದ್ದು ಕಿವಿಗೆ ಬಿದ್ದರೆ ಕೈಯಲ್ಲಿನ ಚಹಾ ಆರುವವರೆಗೆ ನಿಂತಲ್ಲೇ ನಿಲ್ಲುತ್ತೇನೆ. ಇದೇ ನಾಸಿಕ್‌ನಲ್ಲಿ, ಅಂಬಡ್‌ನ ಕಾರ್ಖಾನೆಗಳ ಹಿಂದಿನ ಸಾಲುಮನೆಗಳ ಚಾಳಿನಲ್ಲಿ, ನನ್ನ ಬಾಲ್ಯವೆಲ್ಲ ಆ ಸದ್ದಿನ ಪಕ್ಕದಲ್ಲಿ ಕಳೆಯಿತು. ಒಂದೊಂದು ಕೋಣೆಯ ಎರಡು ಖೋಲಿ, ನಡುವೆ ತೆಳ್ಳನೆಯ ಒಂದು ಗೋಡೆ, ಹೊರಗೆ ಎರಡಕ್ಕೂ ಸೇರಿ ಒಂದೇ ನಳ. ಈಚೆ ನಾವು, ಆಚೆ ಅಪ್ಪನ ಅಣ್ಣ ಮತ್ತು ಅವರ ಹೆಂಡತಿ, ನನ್ನ ದೊಡ್ಡವ್ವ. ಭಾಲ್ಕಿ ಕಡೆಯ ಹಳ್ಳಿಯಿಂದ ಒಟ್ಟಿಗೇ ಬಂದು ನೆಲೆಯೂರಿದ ಎರಡು ಸಂಸಾರ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಶಾಲೆಗೆ ಹೊರಡುವ ಮುಂಚೆ ನನ್ನ ಜಡೆ ಹೆಣೆಯುವುದು ಅವಳ ಪಾಲಿಗೆ ಬಂದ ಕೆಲಸ. ಅವಳ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಮತ್ತು ಜೋಳದ ಹಿಟ್ಟಿನ ಕೂಡಿದ ವಾಸನೆಯಿತ್ತು, ಆ ವಾಸನೆ ಹೊತ್ತುಕೊಂಡೇ ನಾನು ಮರಾಠಿ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದೆ.

ಅವ್ವ ಮತ್ತು ದೊಡ್ಡವ್ವ ಮಾತು ಬಿಟ್ಟದ್ದು ಯಾಕೆಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ಮಾತು ಬಿಟ್ಟರು, ಜಗಳ ಬಿಡಲಿಲ್ಲ. ಜಗಳವನ್ನು ಆ ಕಡೆಯಿಂದ ಈ ಕಡೆಗೆ ಒಯ್ಯಲು ನಾನಿದ್ದೆನಲ್ಲ! ಆದರೆ ನನ್ನ ಕನ್ನಡ ಬಲು ಬಡವಾಗಿತ್ತು. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ನಾಲಿಗೆಗೆ ಮಾತ್ರ ಬರುತ್ತಿರಲಿಲ್ಲ. ಊರಿನಿಂದ ಬಂದವರ ಎದುರು ಮಾನ ಹೋಗಬಾರದೆಂದು ಅವ್ವ ಕಲಿಸಿದ್ದ ‘ಬರ್ರಿ, ಕೂಡ್ರಿ, ಚಾ ತಗೋರಿ’ ಎಂಬ ಕನ್ನಡವಷ್ಟೇ ನನ್ನ ಆಸ್ತಿ. ಯಾರನ್ನಾದರೂ ಬಯ್ಯಬೇಕೆಂದರೂ ಕೊನೆಗೆ ‘ರಿ’ ಬಂದು ಅಂಟಿಕೊಳ್ಳುತ್ತಿತ್ತು.

“ಹೋಗಿ ಹೇಳು ಆಕಿಗಿ, ನಳ ಆಕಿ ಅಪ್ಪಂದಲ್ಲ, ಕೊಡ ತಗದು ಜಾಗಾ ಬಿಡು ಅಂತ” ಎಂದು ಅವ್ವ ಸಿಡುಕುವಳು. ನಾನು ಹೋಗಿ, “ದೊಡ್ಡವ್ವಾ, ನಮ್ಮವ್ವಗ ನೀರು ಬೇಕಂತ್ರಿ, ಜರಾ ಜಾಗಾ ಬಿಡ್ತೀರೇನ್ರಿ?” ಎನ್ನುವೆ. ದೊಡ್ಡವ್ವ ತುಟಿ ಕಚ್ಚಿ ನಗು ತಡೆದು ಕೊಡ ಎತ್ತುವಳು. ರೊಟ್ಟಿಗೆ ನೆಂಚಲು ಮಾಡಿದ ಶೇಂಗಾ ಹಿಂಡಿಯ ಒಂದು ಬಟ್ಟಲು ನನ್ನ ಕೈಗಿತ್ತು, “ಚೆಲ್ಲೂದಕ್ಕಿಂತ ಆಕಿಗಾದ್ರ ಕೊಡು” ಎನ್ನುವಳು. ಅವ್ವನಿಗೆ ನಾನು ಒಪ್ಪಿಸುತ್ತಿದ್ದದ್ದು, “ದೊಡ್ಡವ್ವ ಕೊಟ್ಟಾರ್ರಿ, ತಿನ್ರಿ ಅಂದಾರ” ಎಂದು. ಅವ್ವ ಮುಖ ಗಂಟು ಹಾಕಿಕೊಂಡೇ ಬಟ್ಟಲು ಬಳಿದು ತಿನ್ನುವಳು. ಹೀಗೆಯೇ ಎರಡು ವರ್ಷ ನಡೆಯಿತು. ನಿಮ್ಮ ಮನೆಗಳಲ್ಲೂ ಇಂಥ ಓಲೆಕಾರ ಮಕ್ಕಳು ಇದ್ದಿರಬಹುದು.

ಆರನೇ ಇಯತ್ತೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನನ್ನನ್ನು ಭಾಲ್ಕಿಯ ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿನ ಮಾಮನ ಮಕ್ಕಳು ನನ್ನ ‘ರಿ’ಯನ್ನು ಆಡಿಕೊಂಡು ನಗಾಡಿದ್ದೇ ನಗಾಡಿದ್ದು. ಹಟ ಹಿಡಿದು ಕಲಿತೆ. ಎರಡು ತಿಂಗಳಲ್ಲಿ ಪಟಪಟನೆ ಮಾತಾಡುವಂತಾಗಿ, ಎದುರು ಜವಾಬು ಕೊಡುವುದನ್ನೂ ಕಲಿತು, ಮೂಗು ಮೇಲೆತ್ತಿಕೊಂಡು ನಾಸಿಕ್‌ಗೆ ವಾಪಸಾದೆ.

ಬಂದ ಮರುದಿನವೇ ದೊಡ್ಡವ್ವ ನನ್ನನ್ನು ಕರೆದು ಜಡೆ ಹಾಕಿ, ಹೊಸ ರಿಬ್ಬನ್ನು ಕಟ್ಟಿ ಕಳಿಸಿದಳು. ಎರಡು ತಿಂಗಳು ಮಗಳನ್ನು ಬಿಟ್ಟಿದ್ದ ಅವ್ವನಿಗೆ ಅದನ್ನು ಸಹಿಸಲಾಗಲಿಲ್ಲ. ಒಲೆಯ ಮುಂದಿನಿಂದಲೇ ಗಟ್ಟಿಯಾಗಿ, “ಹೇಳು ಆಕಿಗಿ, ತನಗಿಲ್ಲಂತ ಮಂದಿ ಕೂಸಿಗಿ ಕೈ ಚಾಚಬ್ಯಾಡ ಅಂತ” ಎಂದಳು. ಗೋಡೆಯಾಚೆ ರೊಟ್ಟಿಯ ಪಟಪಟ ನಡೆದೇ ಇತ್ತು. ನಾನು ಓಡಿದೆ. ಕಲಿತದ್ದನ್ನು ತೋರಿಸುವ ಉಮೇದು ನನಗೆ. ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಒಂದಕ್ಷರ ಬಿಡದೆ, ಅವ್ವನದೇ ರಾಗದಲ್ಲಿ ಒಪ್ಪಿಸಿದೆ. ದೊಡ್ಡವ್ವನ ಕೈ ನಿಂತಿತು. ಅರ್ಧ ಬಡಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿ ಪಕ್ಕಕ್ಕಿಟ್ಟಳು. “ಎಷ್ಟು ಚಂದ ಮಾತಾಡ್ಲತ್ತೀ ನನ್ನವ್ವಾ” ಎಂದಳು, ಅಷ್ಟೇ. ನಾನು ಹಿಗ್ಗಿ ಮನೆಗೆ ಬಂದೆ.

ಮಳೆಗಾಲ ಹಿಡಿಯುವ ಮೊದಲೇ ದೊಡ್ಡಪ್ಪ ಔರಂಗಾಬಾದ್ ಕಡೆ ಕೆಲಸ ಹುಡುಕಿಕೊಂಡು ಖೋಲಿ ಖಾಲಿ ಮಾಡಿದರು. ಆಮೇಲೆ ಮದುವೆ ಮುಂಜಿಗಳಲ್ಲಿ ದೊಡ್ಡವ್ವ ಸಿಕ್ಕರೆ ನನಗೆ ‘ಬರ್ರಿ, ಕೂಡ್ರಿ’ ಎನ್ನುತ್ತಿದ್ದಳು. ಆ ‘ರಿ’ ನನ್ನನ್ನು ಸುಡುತ್ತಿತ್ತು.

ಹೋದ ವರ್ಷ ಅವಳು ತೀರಿಕೊಂಡಳು. ಈಗ ಸಂಭಾಜಿನಗರವಾಗಿರುವ ಆ ಊರಿಗೆ ಅವ್ವನೂ ನಾನೂ ಹೋಗಿ ಮಣ್ಣು ಕೊಟ್ಟು ಬಂದೆವು. ವಾಪಸು ಬರುವಾಗ ಬಸ್ಸು ಯೇವಲಾ ದಾಟಿದ ಮೇಲೆ ಅವ್ವ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: “ಅದೊಂದ್ ದಿನ ಬಿಟ್ರ, ನೀ ಎಂದೂ ನಾ ಅಂದಿದ್ದು ಅಂದಂಗ ಒಯ್ದಿದ್ದಿಲ್ಲ. ಗ್ವಾಡಿ ಆಚಿಂದ ನೀ ಹೇಳೂದು ಎಲ್ಲಾ ಕೇಳಸ್ತಿತ್ತು. ನೀ ಹೆಂಗೂ ಮೆತ್ತಗ ಮಾಡಿ ಒಯ್ತಿ ಅಂತ ಬಾಯಿಗಿ ಬಂದಂಗ ಅಂತಿದ್ದೆ. ಅಕ್ಕಗೂ ನಂದು ಕೇಳಸ್ತಿತ್ತು, ಅದೇ ಗ್ವಾಡಿ ಅಲ್ಲೇನು?”

ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ದೊಡ್ಡವ್ವನಿಗೆ ‘ಅಕ್ಕ’ ಬಂದಿತ್ತು. ನನಗೆ ಅಳು ತಡೆಯಲಾಗಲಿಲ್ಲ. ರೊಟ್ಟಿಯ ಸದ್ದು ದಾಟಿ ಬರುವ ಗೋಡೆಯನ್ನು ಮಾತೂ ದಾಟುತ್ತದೆಂದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಆ ದಿನ ದೊಡ್ಡವ್ವ ಆ ಮಾತನ್ನು ನಾನು ಹೋಗುವ ಮೊದಲೇ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು, ನಾನದನ್ನು ಏನು ಮಾಡಿ ತರುತ್ತೇನೋ ಎಂದು ಕಾದಿದ್ದಳು. ಅವ್ವ ಅಂದಾಗ ರೊಟ್ಟಿಯ ಸದ್ದು ನಿಂತಿರಲಿಲ್ಲ. ನಾನು ಅಂದಾಗ ನಿಂತಿತು.